ಕುಡುಗೋಲು ರಕ್ತ ಮತ್ತು ಒಬ್ಬ ಕಪ್ಪು ಡಾಕ್ಟರರ ಲೆಕ್ಕ

ರಕ್ತದ ಬಗ್ಗೆ ನಮ್ಮ ದೇಶದಲ್ಲಿ ಮಾತಿಗೆ ಬರವಿಲ್ಲ. ಕುಲದ ರಕ್ತ, ಶುದ್ಧ ರಕ್ತ, ಮನೆತನದ ರಕ್ತ ಅಂತ ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಹಾಗೆ ಹೇಳಿದವರು ಯಾರೂ ಆ ರಕ್ತವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದವರಲ್ಲ. ಸರಿ, ಇಟ್ಟು ನೋಡಿದವರು ಏನು ಮಾಡಿದರು? ವಿಜ್ಞಾನಿಗಳು ಅನ್ನಿಸಿಕೊಂಡವರು ಸತ್ಯವನ್ನೇ ಕಂಡರೇ? ಈ ಪ್ರಶ್ನೆಗೆ ಅಮೆರಿಕದ ಕಪ್ಪು ಜನರ ಚರಿತ್ರೆಯಲ್ಲಿ ಒಂದು ಉತ್ತರ ಇದೆ. ಅದು ಒಂದು ರೋಗದ ಚರಿತ್ರೆ, ಆ ರೋಗದ ಮಕ್ಕಳಿಗಾಗಿ ಆಯುಷ್ಯ ಸವೆಸಿದ ರೋಲಂಡ್ ಸ್ಕಾಟ್ ಎಂಬ ಕಪ್ಪು ಡಾಕ್ಟರರ ಚರಿತ್ರೆ. ನಮ್ಮ ಕೇರಿಗಳಿಗೆ, ಹಾಡಿಗಳಿಗೆ ಅದು ದೂರದ ಕತೆಯಲ್ಲ.

೧೯೦೪ರಲ್ಲಿ ಗ್ರೆನಡಾ ಎಂಬ ಪುಟ್ಟ ದ್ವೀಪದಿಂದ ಒಬ್ಬ ಕಪ್ಪು ತರುಣ ಹಲ್ಲಿನ ವೈದ್ಯ ಓದಲು ಚಿಕಾಗೋಗೆ ಬಂದ. ಹೆಸರು ವಾಲ್ಟರ್ ಕ್ಲೆಮೆಂಟ್ ನೋಯೆಲ್. ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಾಗ ಅರ್ನೆಸ್ಟ್ ಐರನ್ಸ್ ಎಂಬ ಕಿರಿಯ ವೈದ್ಯ ಅವನ ರಕ್ತ ನೋಡಿ ಬೆರಗಾದ. ನಮ್ಮ ನಿಮ್ಮ ರಕ್ತದ ಕೆಂಪು ಕಣ ದುಂಡಗೆ, ನಡುವೆ ಅಮುಕಿದ ವಡೆಯ ಹಾಗೆ ಇರುತ್ತದೆ. ಇವನ ಕಣಗಳಲ್ಲಿ ಕೆಲವು ಕುಡುಗೋಲಿನ ಹಾಗೆ ಬಾಗಿದ್ದವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ೧೯೧೦ರಲ್ಲಿ ಇದನ್ನು ಬರೆದು ಪ್ರಕಟಿಸಿದ. ಆ ಬಾಗಿದ ಆಕಾರದಿಂದಲೇ ಅದಕ್ಕೆ ಕುಡುಗೋಲು ಕಣ ರೋಗ, ಸಿಕಲ್ ಸೆಲ್ ಅಂತ ಹೆಸರು. ನೋಯೆಲ್ ಓದು ಮುಗಿಸಿ, ಊರಿಗೆ ಹೋಗಿ, ಹಲ್ಲಿನ ವೈದ್ಯನಾಗಿ ದುಡಿದು ೧೯೧೬ರಲ್ಲಿ ತೀರಿಕೊಂಡ. ಹೆರಿಕ್‌ನ ಹೆಸರು ಪಠ್ಯಪುಸ್ತಕ ಸೇರಿತು. ರಕ್ತ ಕೊಟ್ಟವನ ಹೆಸರು ಲೋಕಕ್ಕೆ ಗೊತ್ತಾಗಲು ಎಷ್ಟೋ ದಶಕ ಬೇಕಾಯಿತು.

ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಮೂಳೆಮೂಳೆ ನೋವು ಬರುತ್ತದೆ. ರಕ್ತ ಕಡಿಮೆಯಾಗುತ್ತದೆ. ಗುಲ್ಮ ಕೆಟ್ಟು ಹೋಗಿ ಎಳೆ ಮಕ್ಕಳು ಸೋಂಕು ತಡೆಯಲಾರದೆ ಒಂದೆರಡು ದಿನದ ಜ್ವರಕ್ಕೇ ಹೋಗಿಬಿಡುತ್ತವೆ. ಇದು ಅಂಟುರೋಗ ಅಲ್ಲ. ತಾಯಿ ತಂದೆ ಇಬ್ಬರಿಂದಲೂ ಆ ವಂಶವಾಹಿ ಬಂದರೆ ಮಾತ್ರ ಮಗುವಿಗೆ ರೋಗ. ಒಬ್ಬರಿಂದ ಬಂದರೆ ಆ ಮಗು ಬರೀ ವಾಹಕ, ಸಾಮಾನ್ಯವಾಗಿ ಎಲ್ಲರ ಹಾಗೆ ಆರೋಗ್ಯವಾಗಿಯೇ ಇರುತ್ತದೆ. ಇಬ್ಬರು ವಾಹಕರು ಮದುವೆಯಾದರೆ ಹುಟ್ಟುವ ಪ್ರತಿ ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ಈ ವಾಹಕ ಮತ್ತು ರೋಗಿಯ ವ್ಯತ್ಯಾಸವನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುಂದೆ ನಡೆದ ಅನ್ಯಾಯಗಳಲ್ಲಿ ಬಹಳಷ್ಟು ಈ ವ್ಯತ್ಯಾಸವನ್ನು ಅಳಿಸಿಯೇ ನಡೆದವು.

ಬಿಳಿಯ ವೈದ್ಯರು ಮೊದಲು ಮಾಡಿದ ಕೆಲಸ ಇದನ್ನು ‘ಕರಿಯರ ರಕ್ತ’ದ ಗುರುತು ಮಾಡಿದ್ದು. ಬಿಳಿಯನೊಬ್ಬನಲ್ಲಿ ಇದು ಕಂಡರೆ ಅವನ ಪೂರ್ವಿಕರಲ್ಲಿ ಯಾರೋ ಕರಿಯರು ಇದ್ದಿರಬೇಕು ಅಂತ ಅನುಮಾನ ಪಟ್ಟರು. ಆದರೆ ಗ್ರೀಸಿನಲ್ಲಿ, ಅರೇಬಿಯಾದಲ್ಲಿ, ನಮ್ಮ ಮಧ್ಯಭಾರತದಲ್ಲಿ ಕೂಡ ಈ ಕಣ ಇದೆ. ೧೯೫೪ರಲ್ಲಿ ಆಂಟನಿ ಆಲಿಸನ್ ಪೂರ್ವ ಆಫ್ರಿಕದಲ್ಲಿ ಕೆಲಸ ಮಾಡಿ ಕಾರಣ ತೋರಿಸಿದರು. ವಾಹಕರಾದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುತ್ತದೆ. ಮಲೇರಿಯಾ ಇದ್ದ ಕಡೆ ಅಂಥವರು ಉಳಿದರು, ಬೆಳೆದರು. ಅಂದರೆ ಈ ವಂಶವಾಹಿ ಹೋದದ್ದು ಸೊಳ್ಳೆಯ ಹಿಂದೆ. ಸೊಳ್ಳೆ ಕುಲಗೋತ್ರ ಕೇಳಿ ಕಚ್ಚುವುದಿಲ್ಲ.

೧೯೪೯ರಲ್ಲಿ ಜೇಮ್ಸ್ ನೀಲ್ ಈ ರೋಗ ವಂಶದಲ್ಲಿ ಇಳಿಯುವ ಬಗೆಯನ್ನು ಹೇಳಿದರು. ಅದೇ ವರ್ಷ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ರಕ್ತದ ಹಿಮೋಗ್ಲೋಬಿನ್ ಅಣುವೇ ಇಲ್ಲಿ ಬೇರೆ ಎಂದು ತೋರಿಸಿದರು. ಅಣುವಿನ ಮಟ್ಟದಲ್ಲಿ ಕಾರಣ ಕಂಡ ಮೊದಲ ರೋಗ ಇದೇ. ಜ್ಞಾನ ಇಷ್ಟು ಮುಂದೆ ಹೋಯಿತು. ಮಕ್ಕಳು ಮಾತ್ರ ಸಾಯುತ್ತಲೇ ಇದ್ದವು. ಬಿಳಿಯರ ಪ್ರಯೋಗಶಾಲೆಗೆ ಕಪ್ಪು ರಕ್ತ ಬೇಕಾಗಿತ್ತು, ಕಪ್ಪು ಮಗು ಬೇಕಾಗಿರಲಿಲ್ಲ.

ರೋಲಂಡ್ ಬಾಯ್ಡ್ ಸ್ಕಾಟ್ ಹುಟ್ಟಿದ್ದು ೧೯೦೯ರಲ್ಲಿ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಓದಿದ್ದು ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ. ಗುಲಾಮಗಿರಿ ಹೋದ ಮೇಲೆ ೧೮೬೭ರಲ್ಲಿ ಕಟ್ಟಿದ ಶಾಲೆ ಅದು. ಅದರ ಆಸ್ಪತ್ರೆಯ ಹೆಸರೇ ಫ್ರೀಡ್‌ಮನ್ಸ್, ಬಿಡುಗಡೆ ಹೊಂದಿದವರ ಆಸ್ಪತ್ರೆ. ೧೯೩೯ರಲ್ಲಿ ಸ್ಕಾಟ್ ಮಕ್ಕಳ ವೈದ್ಯರ ಅತಿ ದೊಡ್ಡ ಪರೀಕ್ಷೆ ಪಾಸು ಮಾಡಿ, ದೇಶದ ಮಕ್ಕಳ ವೈದ್ಯರ ಅಕಾಡೆಮಿಗೆ ಅರ್ಜಿ ಹಾಕಿದರು. ಅರ್ಹತೆ ಇತ್ತು, ಬಣ್ಣ ಸರಿ ಇರಲಿಲ್ಲ. ಸದಸ್ಯರನ್ನಾಗಿ ಮಾಡಿಕೊಂಡರೆ ನಾಳೆ ನಮ್ಮ ಜೊತೆ ಮೇಜಿಗೆ ಊಟಕ್ಕೆ ಕೂತಾರು ಎಂಬ ಅಳುಕು ಆ ಸಂಸ್ಥೆಯ ಸಭೆಯ ನಡಾವಳಿಯಲ್ಲೇ ಇದೆ. ಪಂಕ್ತಿಭೇದ ನಮ್ಮ ಮಠಗಳ ಆಸ್ತಿ ಮಾತ್ರ ಅಂದುಕೊಂಡವರು ಇದನ್ನು ಗಮನಿಸಬೇಕು. ಸ್ಕಾಟ್ ಮತ್ತು ಅವರ ಹಿರಿಯ ಸಹೋದ್ಯೋಗಿ ಅಲಾಂಜೊ ಸ್ಮಿತ್ ಇಬ್ಬರಿಗೂ ೧೯೪೫ರವರೆಗೆ ಬಾಗಿಲು ತೆರೆಯಲಿಲ್ಲ. ಆ ಅಕಾಡೆಮಿ ಕ್ಷಮೆ ಕೇಳಿದ್ದು ೨೦೨೦ರಲ್ಲಿ. ಸ್ಕಾಟ್ ೨೦೦೨ರಲ್ಲೇ ತೀರಿಕೊಂಡಿದ್ದರು.

ಬಾಗಿಲು ತೆರೆಯಲಿ ಅಂತ ಅವರು ಕೆಲಸ ಬಿಟ್ಟು ಕಾದು ಕೂರಲಿಲ್ಲ. ಹೋವರ್ಡ್‌ನಲ್ಲಿ ಪಾಠ ಹೇಳುತ್ತ, ರೋಗಿಗಳನ್ನು ನೋಡುತ್ತ, ೧೯೪೮ರಲ್ಲಿ ಕಪ್ಪು ಜನರ ಹಸುಗೂಸುಗಳ ರಕ್ತದಲ್ಲಿ ಕುಡುಗೋಲು ಕಣ ಎಷ್ಟು ಎಂದು ಎಣಿಸಿ ಪ್ರಬಂಧ ಬರೆದರು. ೧೯೭೦ರಲ್ಲಿ ಅಮೆರಿಕದ ವೈದ್ಯ ಸಂಘದ ಪತ್ರಿಕೆಯಲ್ಲಿ ಇನ್ನೊಂದು ಲೆಕ್ಕ ಮುಂದಿಟ್ಟರು. ೧೯೬೭ರಲ್ಲಿ ಕುಡುಗೋಲು ಕಣ ರೋಗದ ಹೊಸ ಮಕ್ಕಳು ಸುಮಾರು ೧,೧೫೫. ಹೆಚ್ಚಾಗಿ ಬಿಳಿಯರಿಗೆ ಬರುವ ಸಿಸ್ಟಿಕ್ ಫೈಬ್ರೋಸಿಸ್ ರೋಗಕ್ಕೆ ೧,೨೦೬. ಸ್ನಾಯು ಸೊರಗುವ ರೋಗಕ್ಕೆ ೮೧೩. ಈಗ ಜನರಿಂದ ಎತ್ತಿದ ಹಣ ನೋಡಿ. ಸಿಸ್ಟಿಕ್ ಫೈಬ್ರೋಸಿಸ್‌ಗೆ ೧೯ ಲಕ್ಷ ಡಾಲರ್. ಸ್ನಾಯು ರೋಗಕ್ಕೆ ೭೯ ಲಕ್ಷ. ಕುಡುಗೋಲು ರೋಗಕ್ಕೆ ಒಂದು ಲಕ್ಷ ಡಾಲರ್ ಕೂಡ ಇಲ್ಲ. ಬೈಗುಳ ಇಲ್ಲ, ಭಾಷಣ ಇಲ್ಲ. ಎರಡು ಸಾಲು ಅಂಕಿ ಪಕ್ಕಪಕ್ಕ ಇಟ್ಟದ್ದಷ್ಟೇ. ಒಂದು ದೇಶದ ವರ್ಣಭೇದ ಪೂರಾ ಆ ಎರಡು ಸಾಲಿನಲ್ಲಿ ಬತ್ತಲಾಯಿತು.

ಆ ಹೊತ್ತಿಗೆ ಬೀದಿಯೂ ಎದ್ದಿತ್ತು. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ತರುಣ ತರುಣಿಯರು ೧೯೭೧ರಲ್ಲಿ ತಮ್ಮ ಕೇರಿಗಳಲ್ಲಿ ತಾವೇ ರಕ್ತ ಪರೀಕ್ಷೆ ಶುರು ಮಾಡಿದರು. ಇದೇ ಪಕ್ಷದ ಹೆಸರು ಹಿಡಿದು ೧೯೭೨ರಲ್ಲಿ ಮುಂಬಯಿಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿದ್ದು ನಮಗೆಲ್ಲ ಗೊತ್ತು. ಲೇಖನಿಯ ಒತ್ತಡ, ಬೀದಿಯ ಒತ್ತಡ ಎರಡೂ ಸೇರಿದವು. ೧೯೭೨ರ ಮೇ ೧೬ರಂದು ಅಧ್ಯಕ್ಷ ನಿಕ್ಸನ್ ಕುಡುಗೋಲು ರೋಗ ನಿಯಂತ್ರಣ ಕಾಯಿದೆಗೆ ಸಹಿ ಹಾಕಿದರು. ಅದೇ ವರ್ಷ ಹೋವರ್ಡ್‌ನಲ್ಲಿ ಸ್ಕಾಟ್ ಈ ರೋಗಕ್ಕೇ ಮೀಸಲಾದ ಕೇಂದ್ರ ಕಟ್ಟಿದರು.

ಗೆದ್ದೆವು ಅಂತ ಅನ್ನಿಸುವ ಜಾಗ ಇದು. ಆದರೆ ಕಾಯಿದೆ ಬಂದಾಕ್ಷಣ ನ್ಯಾಯ ಬಂತೆ? ಈ ಪ್ರಶ್ನೆ ನಮ್ಮ ಜನಕ್ಕೆ ಹೊಸದಲ್ಲ. ಕೇಂದ್ರದ ಕಾಯಿದೆ ಪರೀಕ್ಷೆಗೆ ಒಪ್ಪಿಗೆ ಬೇಕು ಅಂದಿತು. ಅಷ್ಟರಲ್ಲಿ ಹಲವು ರಾಜ್ಯಗಳು ಕಡ್ಡಾಯದ ಕಾನೂನು ಮಾಡಿಬಿಟ್ಟಿದ್ದವು. ಶಾಲೆಗೆ ಸೇರಲು ಪರೀಕ್ಷೆ, ಮದುವೆಯ ಪರವಾನಗಿಗೆ ಪರೀಕ್ಷೆ. ಫಲ ಬಂದ ಮೇಲೆ ಅದರ ಅರ್ಥ ಹೇಳುವವರಿಲ್ಲ, ಔಷಧವೂ ಇಲ್ಲ. ವಾಹಕನನ್ನೇ ರೋಗಿ ಅಂದರು. ಕೆಲವು ವಿಮಾ ಕಂಪನಿಗಳು ಕಂತು ಏರಿಸಿದವು. ವಾಯುಪಡೆಯ ಅಕಾಡೆಮಿ ವಾಹಕರಾದ ಕಪ್ಪು ತರುಣರನ್ನು ೧೯೮೧ರವರೆಗೆ ಹೊರಗಿಟ್ಟಿತು. ಡೆಟ್ರಾಯಿಟ್‌ನ ಕಪ್ಪು ಮಕ್ಕಳ ವೈದ್ಯ ಚಾರ್ಲ್ಸ್ ವಿಟನ್ ೧೯೭೩ರಲ್ಲೇ ಈ ಗೊಂದಲದ ಬಗ್ಗೆ ಎಚ್ಚರಿಕೆ ಬರೆದರು.

ಇನ್ನೊಂದು ಸಂಗತಿ ಇದೆ. ಈ ರೋಗದ ಅಣು ಕಂಡುಹಿಡಿದ, ಎರಡು ನೊಬೆಲ್ ಪಡೆದ, ಶಾಂತಿಗಾಗಿ ಹೋರಾಡಿದ ಲೈನಸ್ ಪಾಲಿಂಗ್ ೧೯೬೮ರಲ್ಲಿ ಒಂದು ಸಲಹೆ ಕೊಟ್ಟರು. ಈ ವಂಶವಾಹಿ ಇರುವ ಪ್ರತಿ ಎಳೆಯರ ಹಣೆಯ ಮೇಲೆ ಹಚ್ಚೆ ಹಾಕಬೇಕಂತೆ. ಒಂದೇ ಗುರುತಿನ ಇಬ್ಬರು ಒಬ್ಬರನ್ನೊಬ್ಬರು ಪ್ರೀತಿಸದೆ ದೂರ ಸರಿಯಲಿ ಎಂದು. ಪೇಶ್ವೆಗಳ ಪುಣೆಯಲ್ಲಿ ಅಸ್ಪೃಶ್ಯರ ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿದ್ದನ್ನು ಬಾಬಾಸಾಹೇಬರು ೧೯೩೬ರಲ್ಲಿ ಬರೆದರು. ಹಚ್ಚೆಯ ಮಾತಾಡಿದವರು ಪೇಶ್ವೆಯಲ್ಲ, ಒಳ್ಳೆಯ ಮನುಷ್ಯ. ಒಳ್ಳೆಯತನ ಬೇರೆ, ಎದುರಿಗಿರುವವನನ್ನು ಮನುಷ್ಯ ಅಂತ ಕೇಳಿ ನಡೆಯುವುದು ಬೇರೆ.

ಕೇಳದೆ ನಡೆದದ್ದರ ಅತಿ ಘೋರ ಕತೆ ಅದೇ ೧೯೭೨ರ ಜುಲೈನಲ್ಲಿ, ನಿಕ್ಸನ್ ಸಹಿ ಒಣಗಿ ಮೂರು ತಿಂಗಳೊಳಗೆ, ಪತ್ರಿಕೆಗಳಲ್ಲಿ ಬಯಲಾಯಿತು. ಅಲಬಾಮದ ಟಸ್ಕೆಗಿ ಸುತ್ತಿನ ಬಡ ಕಪ್ಪು ಗೇಣಿದಾರರು, ಕೂಲಿಗಳು. ೧೯೩೨ರಿಂದ ಸರ್ಕಾರದ ಆರೋಗ್ಯ ಇಲಾಖೆಯೇ ಸಿಫಿಲಿಸ್ ಇದ್ದ ೩೯೯ ಗಂಡಸರನ್ನು, ಇಲ್ಲದ ೨೦೧ ಗಂಡಸರನ್ನು ನೋಡುತ್ತ ಕೂತಿತು. ನಿಮ್ಮದು ‘ಕೆಟ್ಟ ರಕ್ತ’ ಅಂತ ಹೇಳಿದರು. ಬಿಸಿ ಊಟ ಕೊಟ್ಟರು, ಸತ್ತರೆ ಮಣ್ಣಿಗೆ ಕಾಸು ಕೊಡುತ್ತೇವೆ ಅಂದರು. ರೋಗದ ಹೆಸರು ಹೇಳಲಿಲ್ಲ. ನಲವತ್ತರ ದಶಕದಲ್ಲಿ ಪೆನ್ಸಿಲಿನ್ ಬಂದು ಈ ರೋಗ ವಾಸಿಯಾಗುತ್ತದೆ ಅಂತ ಲೋಕಕ್ಕೆಲ್ಲ ಗೊತ್ತಾದ ಮೇಲೂ ಅವರಿಗೆ ಕೊಡಲಿಲ್ಲ. ಗದ್ದಲ ಎದ್ದು ೧೯೭೪ರಲ್ಲಿ ಸಂಶೋಧನೆಗೆ ಕಾನೂನು, ೧೯೭೯ರಲ್ಲಿ ಬೆಲ್ಮಾಂಟ್ ವರದಿ ಬಂದವು. ಮನುಷ್ಯನನ್ನು ಗೌರವಿಸು, ಅವನಿಗೆ ಒಳಿತಾಗಲಿ, ಭಾರ ಮತ್ತು ಫಲ ನ್ಯಾಯವಾಗಿ ಹಂಚು ಎಂಬ ಮೂರು ಸೂತ್ರ ಆ ವರದಿಯವು. ಇವತ್ತು ವಿಶ್ವವಿದ್ಯಾಲಯಗಳಲ್ಲಿ ‘ಸಂಶೋಧನೆಯ ನೀತಿ’ ಅಂತ ಓದಿಸುವುದಕ್ಕೆ ಟಸ್ಕೆಗಿಯ ಆ ಗೇಣಿದಾರರು ತಮ್ಮ ದೇಹ ತೆತ್ತಿದ್ದಾರೆ.

ಆ ಪೆನ್ಸಿಲಿನ್ ಈ ಚರಿತ್ರೆಯಲ್ಲಿ ಇನ್ನೊಮ್ಮೆ ಬರುತ್ತದೆ. ಮೆರಿಲಿನ್ ಗ್ಯಾಸ್ಟನ್ ಎಂಬ ಕಪ್ಪು ವೈದ್ಯೆ ೧೯೬೪ರಲ್ಲಿ ಫಿಲಡೆಲ್ಫಿಯದ ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದಾಗ ಕೈ ಊದಿದ ಒಂದು ಕೂಸು ಬಂತು. ಪೆಟ್ಟು ಬಿದ್ದ ಗುರುತಿಲ್ಲ. ರಕ್ತ ನೋಡಿದರೆ ಕುಡುಗೋಲು ಕಣ. ಅಲ್ಲಿಂದ ಆಕೆ ಈ ರೋಗದ ಬೆನ್ನು ಹತ್ತಿದರು. ಅವರ ಮುಂದಾಳುತನದಲ್ಲಿ ೨೧೫ ಎಳೆ ಮಕ್ಕಳ ಮೇಲೆ ಪರೀಕ್ಷೆ ನಡೆಯಿತು. ೧೦೫ ಮಕ್ಕಳಿಗೆ ದಿನಕ್ಕೆರಡು ಸಲ ಪೆನ್ಸಿಲಿನ್ ಮಾತ್ರೆ, ೧೧೦ ಮಕ್ಕಳಿಗೆ ಔಷಧವಿಲ್ಲದ ಮಾತ್ರೆ. ಔಷಧವಿಲ್ಲದ ಗುಂಪಿನಲ್ಲಿ ೧೩ ಮಕ್ಕಳಿಗೆ ಘೋರ ಸೋಂಕು, ಮೂರು ಸಾವು. ಔಷಧದ ಗುಂಪಿನಲ್ಲಿ ಎರಡೇ ಸೋಂಕು, ಸಾವಿಲ್ಲ. ಫಲ ಸ್ಪಷ್ಟವಾದ ಕೂಡಲೆ, ಗೊತ್ತುಮಾಡಿದ್ದಕ್ಕಿಂತ ಎಂಟು ತಿಂಗಳು ಮುಂಚೆಯೇ ಪರೀಕ್ಷೆ ನಿಲ್ಲಿಸಿದರು. ೧೯೮೬ರಲ್ಲಿ ಇದು ಪ್ರಕಟವಾಯಿತು. ಹುಟ್ಟಿದ ಕೂಡಲೆ ಪರೀಕ್ಷಿಸಿ ಮಾತ್ರೆ ಕೊಟ್ಟರೆ ಮಗು ಉಳಿಯುತ್ತದೆ ಅಂತಾಯಿತು. ೨೦೦೬ರ ಹೊತ್ತಿಗೆ ಅಮೆರಿಕದ ಎಲ್ಲ ರಾಜ್ಯಗಳಲ್ಲೂ ಹಸುಗೂಸಿನ ಪರೀಕ್ಷೆ ಬಂತು.

ಟಸ್ಕೆಗಿಯಲ್ಲಿ ಗೊತ್ತಿದ್ದೂ ನಲವತ್ತನೇ ವರ್ಷದವರೆಗೆ ನಿಲ್ಲಿಸಲಿಲ್ಲ. ಇಲ್ಲಿ ಗೊತ್ತಾದ ಕೂಡಲೆ ನಿಲ್ಲಿಸಿದರು. ಔಷಧ ಅದೇ, ಜನ ಅದೇ ಜನ. ನಡುವೆ ಬದಲಾದದ್ದು ಒಂದು: ಪ್ರಶ್ನೆ ಕೇಳುವ ಕುರ್ಚಿಯಲ್ಲಿ ಆ ಜನರವರೇ ಬಂದು ಕೂತರು, ಅವರ ಹಿಂದೆ ಬೀದಿ ಇತ್ತು, ಕಾನೂನು ಇತ್ತು. ಆದರೂ ಕಾವಲು ತಪ್ಪಿದರೆ ಹಳೆಯದು ಮರಳುತ್ತದೆ. ಕ್ಯಾಲಿಫೋರ್ನಿಯದ ಲಾರೆನ್ಸ್ ಬರ್ಕ್ಲಿ ಪ್ರಯೋಗಶಾಲೆಯಲ್ಲಿ ಕಪ್ಪು ನೌಕರರ ರಕ್ತವನ್ನು ಅವರಿಗೆ ತಿಳಿಸದೆ ಕುಡುಗೋಲು ಕಣಕ್ಕಾಗಿ ಪರೀಕ್ಷಿಸಿದ ದೂರು ಕೋರ್ಟಿಗೆ ಹೋಗಿ, ೧೯೯೮ರಲ್ಲಿ ಮೇಲ್ಮನವಿ ನ್ಯಾಯಾಲಯ ನೌಕರರ ಪರ ನಿಂತಿತು.

ಈಗ ನಮ್ಮ ಕಡೆ ತಿರುಗೋಣ. ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬುವರು ನೀಲಗಿರಿಯ ಬೆಟ್ಟದ ಜನರಲ್ಲಿ ಈ ಕಣ ಇರುವುದನ್ನು ತೋರಿಸಿದರು. ಅದೇ ವರ್ಷ ಅಸ್ಸಾಮಿನ ಚಹಾ ತೋಟಗಳ ವಲಸೆ ಕೂಲಿಗಳಲ್ಲೂ ಕಂಡಿತು. ಅಂದರೆ ನಮ್ಮ ಆಳುವವರಿಗೆ ವಿಷಯ ಎಪ್ಪತ್ತು ವರ್ಷದಿಂದ ಗೊತ್ತಿತ್ತು. ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್ ಶುರುವಾದದ್ದು ೨೦೨೩ರ ಜುಲೈ ೧ರಂದು, ಮಧ್ಯಪ್ರದೇಶದ ಶಹಡೋಲ್‌ನಲ್ಲಿ. ಹದಿನೇಳು ರಾಜ್ಯ, ಅದರಲ್ಲಿ ಕರ್ನಾಟಕವೂ ಇದೆ. ನಲವತ್ತು ವರ್ಷದೊಳಗಿನ ಏಳು ಕೋಟಿ ಜನರ ಪರೀಕ್ಷೆ ಗುರಿ, ಬಹುಪಾಲು ಆದಿವಾಸಿಗಳು. ಪರೀಕ್ಷೆಯ ಫಲ ತಿಳಿಸುವ ಕಾರ್ಡು, ಮದುವೆಗೆ ಮುಂಚೆ ಕಾರ್ಡು ಹೊಂದಿಸಿ ನೋಡುವ ಬುದ್ಧಿಮಾತು. ಪರೀಕ್ಷೆ ಬೇಡ ಅನ್ನುವುದು ಮೂರ್ಖತನ. ಬೇಗ ಗೊತ್ತಾದರೆ ಮಗು ಉಳಿಯುತ್ತದೆ ಅಂತ ಈಗಷ್ಟೇ ನೋಡಿದೆವು. ಆದರೆ ಜಾತಿಯ ಕಾರ್ಡು ಹಣೆಗೆ ಅಂಟಿಕೊಂಡೇ ಹುಟ್ಟುವ ಈ ದೇಶದಲ್ಲಿ ಇನ್ನೊಂದು ಕಾರ್ಡು ಏನಾಗುತ್ತದೆ ಎಂದು ಕೇಳಲೇಬೇಕು. ಕಾರ್ಡು ತೋರಿಸಿ ಹೆಣ್ಣು ಬೇಡ ಅಂದರೆ ಆ ಹುಡುಗಿಗೆ ಉತ್ತರ ಹೇಳುವವರು ಯಾರು?

ಹಳ್ಳಿಯ ಮೇಷ್ಟ್ರುಗಳಿಗೆ, ಹಾಸ್ಟೆಲಿನ ವಾರ್ಡನ್‌ಗಳಿಗೆ ಇಲ್ಲಿ ಒಂದು ಮಾತು. ೨೦೦೯–೧೦ರಲ್ಲಿ ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆಯ ಯೋಜನೆ ನಡೆಯಿತು. ಆದಿವಾಸಿ ಹೆಣ್ಣುಮಕ್ಕಳು ಅನೇಕರು ಅದರಲ್ಲಿದ್ದರು. ಲಸಿಕೆ ಕೆಟ್ಟದ್ದಲ್ಲ, ಗರ್ಭಕೊರಳಿನ ಕ್ಯಾನ್ಸರ್ ತಡೆಯುವಂಥದ್ದು. ಆದರೆ ಒಪ್ಪಿಗೆ ಪತ್ರ ತೆಗೆದು ನೋಡಿದರೆ ೯,೫೪೩ ಪತ್ರಗಳಲ್ಲಿ ೨,೭೬೩ಕ್ಕೆ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. ೨೦೧೩ರಲ್ಲಿ ಸಂಸತ್ತಿನ ಸಮಿತಿ ಇದನ್ನೆಲ್ಲ ಖಂಡಿಸಿತು. ಅಪ್ಪ ಅವ್ವ ಕಾಡಿನಲ್ಲಿ, ಕೂಲಿಯಲ್ಲಿ. ಮಗಳ ಮೈಯ ಬಗ್ಗೆ ಸಹಿ ಹಾಕಿದವರು ಸಂಬಳದ ನೌಕರರು. ಮೇಲಿನಿಂದ ಬಂದ ಕಾಗದಕ್ಕೆ ಸಹಿ ಹಾಕುವುದು ನಮಗೆ ಅಭ್ಯಾಸ ಆಗಿಹೋಗಿದೆ. ಆ ಅಭ್ಯಾಸವೇ ಗುಲಾಮಗಿರಿ.

ನಾಳೆ ಬಿಳಿಗಿರಿರಂಗನ ಬೆಟ್ಟದಲ್ಲೋ, ಹೆಗ್ಗಡದೇವನಕೋಟೆಯ ಹಾಡಿಯಲ್ಲೋ ರಕ್ತ ತೆಗೆಯುವ ಜೀಪು ಬಂದರೆ ಓಡಿಸಬೇಡಿ. ನಿಲ್ಲಿಸಿ ಕೇಳಿ. ಯಾಕೆ ತೆಗೀತೀರಿ? ನಮ್ಮ ಭಾಷೇಲಿ ಹೇಳಿ. ಬೇಡ ಅಂದ್ರೆ ರೇಷನ್ ನಿಲ್ಲುತ್ತಾ? ಫಲ ಯಾರ ಕೈಗೆ ಹೋಗುತ್ತೆ? ರೋಗ ಅಂತಾದ್ರೆ ಮಾತ್ರೆ ಯಾವ ಆಸ್ಪತ್ರೇಲಿ, ಎಷ್ಟು ದಿನಕ್ಕೊಮ್ಮೆ, ಎಷ್ಟು ವರ್ಷ? ೨೦೨೩ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ವಂಶವಾಹಿಯನ್ನೇ ತಿದ್ದುವ ಕ್ಯಾಸ್‌ಜೆವಿ ಎಂಬ ಚಿಕಿತ್ಸೆಗೆ ಅನುಮತಿ ಸಿಕ್ಕಿತು, ಬೆಲೆ ೨೨ ಲಕ್ಷ ಡಾಲರ್. ಯಾರ ರಕ್ತದಿಂದ ಈ ಜ್ಞಾನ ಬೆಳೆಯಿತೋ ಅವರಿಗೆ ಎಟುಕುವ ಬೆಲೆಯೇ ಇದು? ರೋಲಂಡ್ ಸ್ಕಾಟ್ ಎರಡು ಸಾಲು ಅಂಕಿ ಪಕ್ಕಪಕ್ಕ ಇಟ್ಟ ಹಾಗೆ ನಾವೂ ಇಡಬೇಕು. ನಮ್ಮಿಂದ ತೆಗೆದ ರಕ್ತ ಎಷ್ಟು, ನಮಗೆ ಬಂದ ಔಷಧ ಎಷ್ಟು? ಈ ಲೆಕ್ಕ ಬರೆಯಲು ದೊಡ್ಡ ಪದವಿ ಬೇಕಿಲ್ಲ. ಒಂದು ನೋಟ್‌ಬುಕ್ಕು, ಹಾಡಿಯಲ್ಲಿ ಓದಲು ಕಲಿತ ಒಂದು ಹುಡುಗಿ ಸಾಕು.