ತಾರೆ ತಿದ್ದಿದ ಲೆಕ್ಕ

ಒಲೆಯ ಮೇಲೆ ಅನ್ನ ಕುದಿಯುವಾಗ ಪಾತ್ರೆಯ ಮುಚ್ಚಳ ಕುಣಿಯುವುದನ್ನು ತಾವೆಲ್ಲರೂ ಕಂಡಿದ್ದೀರಿ. ಹಬೆ ಒಳಗೆ ಕೂಡಿಕೊಂಡು ಮುಚ್ಚಳವನ್ನು ಎತ್ತುತ್ತದೆ. ಎತ್ತಿದೊಡನೆ ಹಬೆ ಹೊರಟುಹೋಗಿ ಮುಚ್ಚಳ ಕೆಳಗೆ ಬೀಳುತ್ತದೆ. ಆಕಾಶದಲ್ಲಿಯೂ ಹೀಗೆ ಉಬ್ಬಿ ಕುಗ್ಗುವ ತಾರೆಗಳುಂಟು.

1784ರಲ್ಲಿ ಇಂಗ್ಲೆಂಡಿನ ಯಾರ್ಕ್ ಪಟ್ಟಣದ ಜಾನ್ ಗುಡ್ರಿಕ್ ಎಂಬ ತರುಣನು ಸೀಫಿಯಸ್ ನಕ್ಷತ್ರಪುಂಜದ ಒಂದು ತಾರೆಯ ಕಾಂತಿ ಕ್ರಮವಾಗಿ ಹೆಚ್ಚಿ ಕುಂದುವುದನ್ನು ಗುರುತಿಸಿದನು. ಈತನಿಗೆ ಕಿವಿ ಕೇಳುತ್ತಿರಲಿಲ್ಲ. ವಯಸ್ಸು ಆಗ ಇಪ್ಪತ್ತು. ಆ ತಾರೆಯ ಒಂದು ಸುತ್ತು ಸುಮಾರು 5 ದಿನ 9 ಗಂಟೆಗಳಲ್ಲಿ ಮುಗಿಯುತ್ತದೆ. ಇಂಥವಕ್ಕೆ ಮುಂದೆ ಸೀಫೀಡ್ ತಾರೆಗಳೆಂಬ ಹೆಸರಾಯಿತು.

ಇಲ್ಲಿ ಮುಚ್ಚಳ ಯಾವುದು? ತಾರೆಯ ಒಡಲಿನ ಅನಿಲವೇ. ಅಲ್ಲಿಯ ಉರಿಗೆ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳಲ್ಲಿ ಹಲವನ್ನು ಕಳೆದುಕೊಂಡಿರುತ್ತವೆ. ಈ ಸ್ಥಿತಿಗೆ ಪ್ಲಾಸ್ಮ ಎಂದು ಹೆಸರು. ಒಳಗಿನಿಂದ ಹೊರಟ ಬೆಳಕನ್ನು ಅದು ಹೀರುತ್ತದೆ, ಮತ್ತೆ ಉಗುಳುತ್ತದೆ. ಹೀಗೆ ಲೆಕ್ಕವಿಲ್ಲದಷ್ಟು ಸಲ ಸಿಕ್ಕಿ ಬಿಡಿಸಿಕೊಂಡೇ ಬೆಳಕು ಹೊರಮೈಗೆ ಬರಬೇಕು. ಅನಿಲವು ಕುಗ್ಗಿದಾಗ ಬೆಳಕನ್ನು ಹೆಚ್ಚು ತಡೆದರೆ ಶಾಖ ಕೂಡುತ್ತದೆ, ತಾರೆ ಉಬ್ಬುತ್ತದೆ; ಉಬ್ಬಿದಾಗ ತಡೆ ಸಡಿಲುತ್ತದೆ, ತಾರೆ ಕುಗ್ಗುತ್ತದೆ. ಇಂಥ ಕವಾಟದ ಕಲ್ಪನೆಯನ್ನು ಮುಂದಿಟ್ಟವನು ಎಡಿಂಗ್ಟನ್. ಸೀಫೀಡುಗಳಲ್ಲಿ ಹೀಲಿಯಮ್ಮೇ ಆ ಕವಾಟವೆಂದು 1953ರಲ್ಲಿ ತೋರಿಸಿದವನು ರಷ್ಯದ ಝೆವಾಕಿನ್.

ಆದರೆ ತಾರೆಯೊಳಗೆ ಇಳಿದು ಈ ತಡೆಯನ್ನು ಅಳೆಯುವವರಾರು? ಆದುದರಿಂದ ಶಾಸ್ತ್ರಜ್ಞರು ಇಷ್ಟು ಉಷ್ಣತೆಗೆ, ಇಷ್ಟು ಸಾಂದ್ರತೆಗೆ ಇಷ್ಟು ತಡೆ ಎಂದು ಗಣಿತದಿಂದಲೇ ಕೋಷ್ಟಕಗಳನ್ನು ರಚಿಸಿದರು. ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯದ ಕೋಷ್ಟಕಗಳು ಬಹುಕಾಲ ಎಲ್ಲರಿಗೂ ಆಧಾರವಾಗಿದ್ದವು.

ತೊಡಕು ಬಂದುದು ಅಲ್ಲಿಯೇ. ತಂಬೂರಿಯ ಒಂದೇ ತಂತಿಯಲ್ಲಿ ಮೂಲಸ್ವರದೊಡನೆ ಮೇಲಿನ ಸ್ವರವೂ ಕೇಳುವಂತೆ, ಕೆಲವು ಸೀಫೀಡುಗಳು ಎರಡು ಲಯಗಳಲ್ಲಿ ಒಟ್ಟಿಗೆ ಮಿಡಿಯುತ್ತವೆ. ಆ ಲಯಗಳ ಪ್ರಮಾಣದಿಂದ ತಾರೆಯ ದ್ರವ್ಯರಾಶಿಯನ್ನು ಲೆಕ್ಕ ಹಾಕಬಹುದು. ತಾರೆಗಳ ಬೆಳವಣಿಗೆಯ ಸಿದ್ಧಾಂತದಿಂದಲೂ ಅದನ್ನೇ ಪಡೆಯಬಹುದು. ಎರಡೂ ಹೊಂದಲಿಲ್ಲ; ಮೊದಲನೆಯ ಉತ್ತರ ತೀರ ಕಡಿಮೆ ಬಂದಿತು.

1982ರಲ್ಲಿ ನೆಬ್ರಾಸ್ಕ ವಿಶ್ವವಿದ್ಯಾನಿಲಯದ ನಾರ್ಮನ್ ಸೈಮನ್ ಒಂದು ಚಿಕ್ಕ ಲೇಖನವನ್ನು ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲಿಯೇ ವಿನಂತಿ ಎಂಬ ಮಾತಿತ್ತು. ಭಾರವಾದ ಧಾತುಗಳು ಒಡ್ಡುವ ತಡೆ ಕೋಷ್ಟಕದಲ್ಲಿರುವುದಕ್ಕಿಂತ ಎರಡು ಮೂರು ಪಟ್ಟು ಹೆಚ್ಚೆಂದು ಇಟ್ಟುಕೊಂಡರೆ ತೊಡಕು ನೀಗಬಹುದು. ದಯಮಾಡಿ ಲೆಕ್ಕವನ್ನು ಮತ್ತೊಮ್ಮೆ ನೋಡಿರಿ ಎಂಬುದೇ ಅವರ ಬಿನ್ನಹ.

ಬಿನ್ನಹ ವ್ಯರ್ಥವಾಗಲಿಲ್ಲ. ಅಮೆರಿಕದ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ರಾಜರ್ಸ್ ಮತ್ತು ಇಗ್ಲೇಸಿಯಸ್ ಅವರೂ, ಲಂಡನ್ನಿನ ಮೈಕೇಲ್ ಸೀಟನ್ ಅವರ ನೇತೃತ್ವದಲ್ಲಿ ಹಲವು ದೇಶಗಳ ಶಾಸ್ತ್ರಜ್ಞರೂ ಬೇರೆ ಬೇರೆ ದಾರಿ ಹಿಡಿದು ಲೆಕ್ಕವನ್ನು ಹೊಸದಾಗಿ ಮಾಡಿದರು. 1990ರ ದಶಕದ ಆರಂಭಕ್ಕೆ ಉತ್ತರ ಸಿಕ್ಕಿತು. ತಪ್ಪಿದ್ದುದು ಕಬ್ಬಿಣದ ಲೆಕ್ಕದಲ್ಲಿ! ಕಬ್ಬಿಣದ ಪರಮಾಣುವಿನಲ್ಲಿ ಉಳಿದ ಎಲೆಕ್ಟ್ರಾನುಗಳು ಅಸಂಖ್ಯಾತ ಸೂಕ್ಷ್ಮ ವರ್ಣರೇಖೆಗಳಲ್ಲಿ ಬೆಳಕನ್ನು ಹೀರುತ್ತವೆ. ಹಳೆಯ ಲೆಕ್ಕವು ಅದನ್ನು ಜಲಜನಕದಂತೆ ಸರಳವೆಂದು ಭಾವಿಸಿ ಆ ರೇಖೆಗಳಲ್ಲಿ ಬಹುಪಾಲನ್ನು ಬಿಟ್ಟಿತ್ತು. ಸೂರ್ಯನಲ್ಲಿ ಸುಮಾರು 30,000 ಜಲಜನಕ ಪರಮಾಣುಗಳಿಗೆ ಕಬ್ಬಿಣದ್ದು ಒಂದು. ಆ ಒಂದರ ಅಲಕ್ಷ್ಯದಿಂದ ಸುಮಾರು 2 ಲಕ್ಷ ಡಿಗ್ರಿಯ ಪದರದಲ್ಲಿ ಒಟ್ಟು ತಡೆಯೇ ಎರಡು ಮೂರು ಪಟ್ಟು ಕಡಿಮೆಯಾಗಿ ಕಂಡಿತ್ತು. ತಿದ್ದಿದಮೇಲೆ ಸೀಫೀಡುಗಳ ತೊಡಕು ಬಹುಮಟ್ಟಿಗೆ ನೀಗಿತು. ಬೀಟಾ ಸೀಫಿ ಜಾತಿಯ ತಾರೆಗಳು ಏಕೆ ಮಿಡಿಯುತ್ತವೆಂಬ ಹಳೆಯ ಒಗಟೂ ಬಿಡಿಸಿತು.

ಕಥೆ ಇಷ್ಟಕ್ಕೇ ಮುಗಿಯಲಿಲ್ಲ. 2015ರಲ್ಲಿ ಅಮೆರಿಕದ ಸ್ಯಾಂಡಿಯ ಪ್ರಯೋಗಾಲಯದಲ್ಲಿ ಕಬ್ಬಿಣದ ಚೂರೊಂದನ್ನು ಕ್ಷಣಾರ್ಧಕ್ಕಿಂತ ಎಷ್ಟೋ ಕಡಿಮೆ ಕಾಲ ಸುಮಾರು 20 ಲಕ್ಷ ಡಿಗ್ರಿಗೆ ಕಾಯಿಸಿ ಅಳೆದ ಫಲ ಪ್ರಕಟವಾಯಿತು. ಬೆಳಕಿನ ಬಣ್ಣಕ್ಕೆ ತಕ್ಕಂತೆ ತಡೆಯು ಲೆಕ್ಕಕ್ಕಿಂತ ಶೇಕಡಾ 30ರಿಂದ 400ರಷ್ಟು ಹೆಚ್ಚಾಗಿತ್ತು. ತಿದ್ದಬೇಕಾದುದು ಲೆಕ್ಕವನ್ನೋ, ಪ್ರಯೋಗವನ್ನೋ ಎಂದು ವಿದ್ವಾಂಸರಲ್ಲಿ ಚರ್ಚೆ ಎದ್ದಿತು. ನಮ್ಮ ಸೂರ್ಯನ ಒಡಲು ಯಾವ ಯಾವ ಧಾತುಗಳಿಂದ, ಎಷ್ಟೆಷ್ಟರಿಂದ ಆದುದೆಂಬ ನಿರ್ಣಯವೂ ಇದಕ್ಕೆ ಹೊಂದಿಕೊಂಡಿದೆ.

ನಾನು ಕನ್ನಡದ ಉಪಾಧ್ಯಾಯ. ಆದರೂ ಗಣಿತದ ಮೇಷ್ಟರು ರಜೆ ಹಾಕಿದಾಗ ಅವರ ತರಗತಿಗೆ ಹೋಗುವುದುಂಟು. ಒಮ್ಮೆ ಒಬ್ಬ ಹುಡುಗನ ಉತ್ತರ ಪುಸ್ತಕದ ಕೊನೆಯ ಉತ್ತರಕ್ಕೆ ಹೊಂದಲಿಲ್ಲ. ಮೂರು ಸಲ ಮಾಡಿಸಿದೆ. ಮೂರು ಸಲವೂ ಅದೇ ಬಂದಿತು. ನಾಲ್ಕನೆಯ ಸಲ ನಾನೇ ಮಾಡಿ ನೋಡಿದೆ. ತಪ್ಪು ಪುಸ್ತಕದಲ್ಲಿತ್ತು. ಸೈಮನ್ನರ ವಿನಂತಿಯ ವಿಷಯ ಓದಿದಾಗ ನನಗೆ ನೆನಪಾದುದು ಆ ಹುಡುಗನ ಮುಖವೇ.