ಬ್ರಿಕ್ ಲೇನಿನ ನೇಕಾರರು

ಲಂಡನ್ನಿನ ಪೂರ್ವಭಾಗದ ಬ್ರಿಕ್ ಲೇನ್ ಇಂದು ಷೋಕಿಯ ಬೀದಿ. ಕಾಫಿ ಅಂಗಡಿ, ಚಿತ್ರಶಾಲೆ, ಹಳೆಯ ಉಡುಪನ್ನು ಹೊಸದರ ಬೆಲೆಗೆ ಮಾರುವ ಮಳಿಗೆ ಎಲ್ಲವೂ ಅಲ್ಲುಂಟು. ನೂರು ವರ್ಷಗಳಿಗೂ ಹಿಂದೆ, ಮರ್ಯಾದಸ್ಥರು ಕತ್ತಲಾದ ಮೇಲೆ ಕಾಲಿಡಲು ಅಂಜುತ್ತಿದ್ದ ಕೇರಿ ಅದು.

ಆ ಬೀದಿಯ ಒಂದು ಮೂಲೆಯಲ್ಲಿ ಇಟ್ಟಿಗೆಯ ಕಟ್ಟಡವೊಂದಿದೆ. ಅದರ ನೆತ್ತಿಯಲ್ಲಿ ನೆರಳುಗಡಿಯಾರ, 1743 ಎಂಬ ಇಸವಿ. ಫ್ರಾನ್ಸಿನ ದೊರೆ 14ನೆಯ ಲೂಯಿ 1685ರಲ್ಲಿ ಪ್ರಾಟೆಸ್ಟೆಂಟರ ಧರ್ಮಸ್ವಾತಂತ್ರ್ಯವನ್ನು ಕಿತ್ತುಕೊಂಡ ಮೇಲೆ ಹಿಂಡುಹಿಂಡಾಗಿ ಬಂದು ನೆಲೆಸಿದ ಹ್ಯೂಗೆನೋ ಜನರ ಇಗರ್ಜಿ ಇದು. 1819ರಲ್ಲಿ ಮೆಥಡಿಸ್ಟರ ಪ್ರಾರ್ಥನಾಮಂದಿರವಾಯಿತು. 1898ರಲ್ಲಿ ಪೂರ್ವ ಯೂರೋಪಿನಿಂದ ಬಂದ ಯೆಹೂದ್ಯರ ಸಿನಗಾಗ್. 1976ರಲ್ಲಿ ಬಂಗಾಳಿ ಮುಸಲ್ಮಾನರ ಮಸೀದಿ. ನಾಲ್ಕೂ ಕಾಲದಲ್ಲಿ ಗೋಡೆಗಳು ಅವೇ.

ಹ್ಯೂಗೆನೋಗಳಲ್ಲಿ ಅನೇಕರು ರೇಷ್ಮೆ ನೇಕಾರರು. ಮಗ್ಗಕ್ಕೆ ಬೆಳಕು ಬೀಳಲೆಂದು ಅಟ್ಟದಲ್ಲಿ ಇರಿಸಿದ ಅಗಲವಾದ ಕಿಟಕಿಗಳು ಅಲ್ಲಿಯ ಹಳೆಯ ಮನೆಗಳಲ್ಲಿ ಈಗಲೂ ಕಾಣುತ್ತವೆ. ಈ ಕೇರಿಯ ನೇಕಾರರ ಅನ್ನಕ್ಕೆ ಮೊದಲು ಕಲ್ಲು ಹಾಕಿದ್ದು ನಮ್ಮ ದೇಶದ ಬಟ್ಟೆ. ಅಚ್ಚಿನ ಹತ್ತಿಬಟ್ಟೆಗೆ ಇಂಗ್ಲೆಂಡ್ ಮರುಳಾಗಿತ್ತು. ಕ್ಯಾಲಿಕೋ ಎಂಬ ಹೆಸರೇ ಕಲ್ಲಿಕೋಟೆಯಿಂದ ಹೋದದ್ದು. 1719ರಲ್ಲಿ ನೇಕಾರರು ಅದನ್ನುಟ್ಟ ಹೆಂಗಸರನ್ನು ಬೀದಿಯಲ್ಲಿ ತಡೆದು ಬಟ್ಟೆ ಹರಿದರು. 1721ರ ಶಾಸನ ಅಂಥ ಬಟ್ಟೆಯನ್ನು ಉಡುವುದನ್ನೇ ನಿಷೇಧಿಸಿತು. 1773ರಲ್ಲಿ ನೇಕಾರರ ಕೂಲಿಗೂ ಶಾಸನದ ರಕ್ಷಣೆ ಸಿಕ್ಕಿತು. 1824ರಲ್ಲಿ ಅದು ರದ್ದಾಯಿತು. 1860ರ ಒಪ್ಪಂದದ ಮೇಲೆ ಫ್ರೆಂಚ್ ರೇಷ್ಮೆ ಸುಂಕವಿಲ್ಲದೆ ಒಳಬಂದಿತು. ಮಗ್ಗಗಳು ನಿಂತವು. ಕೇರಿ ಕೆಟ್ಟದ್ದು ಹೀಗೆ, ಜನರ ದುರ್ಗುಣದಿಂದಲ್ಲ. 1888ರಲ್ಲಿ ಸುತ್ತಿನ ಗಲ್ಲಿಗಳಲ್ಲಿ ಕೊಲೆಯಾದ ಬಡ ಹೆಂಗಸರ ಕಥೆಯನ್ನು ಇಂದು ಪ್ರವಾಸಿಗಳಿಗೆ ಟಿಕೆಟ್ಟಿಟ್ಟು ಹೇಳುತ್ತಾರೆ. ನನಗೆ ಅದು ಹೇಸಿಕೆಯ ವ್ಯಾಪಾರವಾಗಿ ತೋರುತ್ತದೆ.

ಯೆಹೂದ್ಯ ದರ್ಜಿಗಳು ಬಿಟ್ಟ ಕೊಠಡಿಗಳಿಗೆ 20ನೆಯ ಶತಮಾನದಲ್ಲಿ ಸಿಲ್ಹೆಟ್ಟಿನ ಜನ ಬಂದರು. ಯಾವ ನಾಡಿನ ಬಟ್ಟೆಯನ್ನು ಇಲ್ಲಿ ಹರಿದಿದ್ದರೋ ಆ ನಾಡಿನವರೇ ಇಲ್ಲಿ ಹೊಲಿಗೆಯಂತ್ರದ ಮುಂದೆ ಕುಳಿತರು! 1978ರ ಮೇ 4ರಂದು ಅಲ್ತಾಬ್ ಅಲಿ ಎಂಬ ತರುಣ ಉಡುಪು ಕಾರ್ಮಿಕ ಕೆಲಸ ಮುಗಿಸಿ ಬರುತ್ತಿದ್ದಾಗ ವರ್ಣದ್ವೇಷಿಗಳ ಕೈಯಲ್ಲಿ ಹತನಾದ. ಅವನ ಶವಪೆಟ್ಟಿಗೆಯ ಹಿಂದೆ ಸಾವಿರಾರು ಜನ ಪ್ರಧಾನಿಯ ನಿವಾಸದವರೆಗೆ ನಡೆದರು. ಬಳಿಯ ಉದ್ಯಾನಕ್ಕೆ 1998ರಲ್ಲಿ ಅವನ ಹೆಸರಿಟ್ಟರು.

ಷೋಕಿ ಬಂದದ್ದು ಆಮೇಲೆ. 1977ರಲ್ಲಿ ಕಟ್ಟಡಪ್ರಿಯರ ಒಂದು ಗುಂಪು, ಕೆಡವಲಿದ್ದ ನೇಕಾರರ ಕಾಲದ ಮನೆಗಳಲ್ಲಿ ತಾವೇ ಹೋಗಿ ಕುಳಿತು ಅವನ್ನು ಉಳಿಸಿತು. 1991ರಲ್ಲಿ ಹಣ್ಣುತರಕಾರಿಯ ಸಗಟು ಮಾರುಕಟ್ಟೆ ಬೇರೆಡೆಗೆ ಹೋಯಿತು. ಮುಚ್ಚಿದ ಬಿಯರ್ ಕಾರ್ಖಾನೆಯೊಳಗೆ ಕಲಾವಿದರೂ ಅಂಗಡಿಗಳೂ ಸೇರಿದರು. ಬಾಡಿಗೆ ಏರಿತು. ಬೀದಿಯ ಹೆಸರು ಫಲಕದಲ್ಲಿ ಇಂದಿಗೂ ಬಂಗಾಳಿ ಲಿಪಿಯಲ್ಲಿದೆ. ಬಂಗಾಳಿಗಳ ಊಟದ ಮನೆಗಳು ಮಾತ್ರ ಒಂದೊಂದಾಗಿ ಬಾಗಿಲು ಹಾಕುತ್ತಿವೆ.