ನೇರ ಚಾಲನೆಯ ಟರ್ನ್‌ಟೇಬಲ್ ಮತ್ತು ಅದರ ದುರಸ್ತಿ

ಎಲ್‌ಪಿ ರೆಕಾರ್ಡು ನಿಮಿಷಕ್ಕೆ 33⅓ ಸುತ್ತು ತಿರುಗಬೇಕು. ಆದರೆ ಹಳೆಯ ಟರ್ನ್‌ಟೇಬಲ್‌ಗಳ ಮೋಟಾರುಗಳ ವೇಗ ಅದಕ್ಕಿಂತ ಬಹಳ ಹೆಚ್ಚಾಗಿದ್ದುದರಿಂದ, ಅದನ್ನು ತಗ್ಗಿಸಿ ತಟ್ಟೆಗೆ ಮುಟ್ಟಿಸಲು ಇಂಗ್ಲೆಂಡಿನ ಗ್ಯಾರಾರ್ಡ್ 301ರಂಥ ಯಂತ್ರಗಳು ರಬ್ಬರಿನ ಗಾಲಿಯನ್ನೂ ಇತರ ಕೆಲವು ಯಂತ್ರಗಳು ಬೆಲ್ಟನ್ನೂ ಬಳಸುತ್ತಿದ್ದವು. ರಬ್ಬರು ಗಡುಸಾದಾಗ ಅಥವಾ ಬೆಲ್ಟು ಸಡಿಲವಾದಾಗ ಅದನ್ನು ಬದಲಿಸುವುದೇ ಆ ಕಾಲದ ದುರಸ್ತಿಯ ಮುಖ್ಯ ಭಾಗವಾಗಿತ್ತು.

ಈ ನಡುವಿನ ಕೊಂಡಿಯನ್ನೇ ಕಿತ್ತುಹಾಕಿ, ಮೋಟಾರಿನ ಅಕ್ಷದ ಮೇಲೆಯೇ ತಟ್ಟೆಯನ್ನು ಕೂರಿಸುವ ಡೈರೆಕ್ಟ್ ಡ್ರೈವ್, ಎಂದರೆ ನೇರ ಚಾಲನೆಯ ವಿಧಾನವನ್ನು ಜಪಾನಿನ ಮತ್ಸುಷಿತಾ ಸಂಸ್ಥೆಯ ಎಂಜಿನಿಯರ್ ಶೂಯಿಚಿ ಒಬಾಟಾ ರೂಪಿಸಿದರು; 1970ರಲ್ಲಿ ಟೆಕ್ನಿಕ್ಸ್ ಹೆಸರಿನ ಎಸ್‌ಪಿ-10 ಮಾರುಕಟ್ಟೆಗೆ ಬಂದಿತು. ಮೋಟಾರೇ ನಿಮಿಷಕ್ಕೆ 33⅓ ಸುತ್ತು ತಿರುಗುವಾಗ ಅದರ ಮೂಲ ಕಂಪನ ಸೆಕೆಂಡಿಗೆ ಸುಮಾರು ಅರ್ಧದಷ್ಟೇ ಆಗುವುದರಿಂದ ಅದು ಮನುಷ್ಯನ ಕಿವಿಗೆ ಕೇಳಿಸದು. 1972ರಲ್ಲಿ ಎಸ್‌ಎಲ್-1200, 1979ರಲ್ಲಿ ಅದರ ಎಂಕೆ2 ಆವೃತ್ತಿ ಬಂದವು. ಎಂಕೆ2ರಲ್ಲಿ ಸ್ಫಟಿಕದ ಸ್ಥಿರ ಕಂಪನಕ್ಕೆ ತಟ್ಟೆಯ ವೇಗವನ್ನು ಕ್ಷಣಕ್ಷಣವೂ ಹೋಲಿಸಿ ತಿದ್ದುವ ಕ್ವಾರ್ಟ್ಜ್ ನಿಯಂತ್ರಣವಿದ್ದು, ನಿಂತಲ್ಲಿಂದ ಪೂರ್ಣ ವೇಗಕ್ಕೆ ಏರಲು ಅದಕ್ಕೆ 0.7 ಸೆಕೆಂಡು ಸಾಕಾಗುತ್ತಿತ್ತು. ಮನೆಯ ಕೇಳುಗನಿಗೆ ಇಷ್ಟು ಅವಸರ ಬೇಕಿರಲಿಲ್ಲ. ಅದರ ನಿಜವಾದ ಬೆಲೆ ತಿಳಿದವರು ತಟ್ಟೆಯನ್ನು ಕೈಯಿಂದ ತಡೆದು ಹಿಂದುಮುಂದಾಗಿ ತಿರುಗಿಸುತ್ತಿದ್ದ ಡಿಜೆಗಳು.

ರಬ್ಬರು ಹೋದ ಮಾತ್ರಕ್ಕೆ ಯಂತ್ರಕ್ಕೆ ಮುಪ್ಪು ತಪ್ಪಲಿಲ್ಲ, ಅದು ಸರ್ಕ್ಯೂಟ್ ಬೋರ್ಡಿಗೆ ವರ್ಗವಾಯಿತು. ವಿದ್ಯುದಂಶವನ್ನು ತಾತ್ಕಾಲಿಕವಾಗಿ ಹಿಡಿದಿಡುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳೊಳಗಿನ ದ್ರವ ದಶಕಗಳಲ್ಲಿ ಒಣಗುತ್ತದೆ ಅಥವಾ ಸೋರುತ್ತದೆ, ಬೆಸುಗೆಗಳು ಬಿರುಕು ಬಿಡುತ್ತವೆ. ಎಂಕೆ2ರ ತಟ್ಟೆಯನ್ನು ಮೇಲಕ್ಕೆತ್ತಿದರೆ ಅದರ ಅಡಿಯಲ್ಲಿ ಅಂಟಿಕೊಂಡಿರುವ ಅಯಸ್ಕಾಂತದ ಉಂಗುರ ಕಾಣುತ್ತದೆ; ಮೋಟಾರಿನ ತಿರುಗುವ ಭಾಗವೇ ಅದಾಗಿರುವುದರಿಂದ, ಬಿಚ್ಚಿದ ತಟ್ಟೆಯನ್ನು ಕಬ್ಬಿಣದ ಪುಡಿ ಬಿದ್ದ ಮೇಜಿನ ಮೇಲೆ ಇಡುವಂತಿಲ್ಲ. ವೇಗ ಹೊಂದಿಸುವ ಜಾರುಗುಂಡಿಯಲ್ಲಿ ಧೂಳು ಸೇರಿ ಗ್ರೀಸು ಹೆಪ್ಪುಗಟ್ಟಿದರೆ ವೇಗ ತೂಗಾಡುತ್ತದೆ, ಆಗ ವೇಗ ಸರಿಯಿದ್ದರೆ ನಿಂತಂತೆ ಕಾಣಬೇಕಾದ ತಟ್ಟೆಯ ಅಂಚಿನ ಚುಕ್ಕೆಗಳು ಮಿನುಗುವ ಕೆಂಪು ದೀಪದ ಬೆಳಕಿನಲ್ಲಿ ಮೆಲ್ಲನೆ ಸರಿಯುವುದನ್ನು ನೋಡಿಯೇ ಕುಶಲಿಯು ದೋಷವನ್ನು ಊಹಿಸುತ್ತಾನೆ. ತಯಾರಿಕೆ ನಿಂತ ಐಸಿ ಸುಟ್ಟುಹೋದಾಗ ಮಾತ್ರ ಕೌಶಲಕ್ಕಿಂತ ಹಳೆಯ ಬಿಡಿಭಾಗಗಳ ದಾಸ್ತಾನೇ ಮುಖ್ಯವಾಗುತ್ತದೆ.

ದುರಸ್ತಿಗೂ ಸುಧಾರಣೆಗೂ ನಡುವಿನ ಗೆರೆ ಇಲ್ಲಿ ಮಸುಕಾಗಿದೆ. ಹೊಸ ಕೆಪಾಸಿಟರು ಹಳೆಯದಕ್ಕಿಂತ ಹೆಚ್ಚು ಶಾಖ ತಾಳಬಲ್ಲದಾದರೆ ರಿಪೇರಿಯೇ ಸುಧಾರಣೆಯೂ ಆಗುತ್ತದೆ. ಬೆಸೆದಿದ್ದ ಕೇಬಲ್ ತೆಗೆದು ಸಾಕೆಟ್ ಅಳವಡಿಸುವುದು, ಮುಳ್ಳು ಹೊತ್ತ ತೋಳಿನ ತಂತಿಯನ್ನು ಬದಲಿಸುವುದು, ಗುಂಯ್‌ಗುಡುವ ಟ್ರಾನ್ಸ್‌ಫಾರ್ಮರನ್ನು ಪೆಟ್ಟಿಗೆಯಿಂದ ಹೊರಗಿಡುವುದು ಸಾಮಾನ್ಯ ಮಾರ್ಪಾಡುಗಳಾಗಿದ್ದು, ಸಾಕೆಟ್‌ನ ಪ್ರಯೋಜನ ನಿರ್ವಿವಾದವಾದರೂ ದುಬಾರಿ ತಂತಿಯ ಬಗೆಗಿನ ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯೇ ಹೆಚ್ಚು. ಎಸ್‌ಎಲ್-1200 ಮಾಲಿಕೆಯ ತಯಾರಿಕೆ 2010ರಲ್ಲಿ ನಿಂತು, 2016ರಲ್ಲಿ ಮತ್ತೆ ಆರಂಭವಾದಾಗ ಬಂದ ಮಾದರಿಯ ಮೋಟಾರಿನಲ್ಲಿ ಸುರುಳಿಗಳ ಕಬ್ಬಿಣದ ತಿರುಳೇ ಇರಲಿಲ್ಲ: ಅಯಸ್ಕಾಂತವು ಆ ಕಬ್ಬಿಣಕ್ಕೆ ಸೆಳೆಯಲ್ಪಟ್ಟು ಉಂಟಾಗುತ್ತಿದ್ದ ಸಣ್ಣ ಎಳೆತ, ಯಾವ ಕೆಪಾಸಿಟರ್ ಬದಲಿಸಿದರೂ ಹೋಗದಂಥದ್ದು, ಹಾಗೆ ಮೂಲದಲ್ಲಿಯೇ ನಿವಾರಣೆಯಾಯಿತು.